ಅಂಕಣಗದ್ಯ, ಜಯಂತಿ ರಾಜಕಾರಣ ಮತ್ತು ಓಬವ್ವನ ಕಥನ

ಅಂಕಣ ಬರಹವನ್ನು ಸಾಹಿತ್ಯ ಪ್ರಕಾರವೆಂದು ಕನ್ನಡ ವಿಮರ್ಶೆ ಒಪ್ಪಿಕೊಂಡು ಬಹುಕಾಲವಾಗಿದೆ. ಹಾ.ಮಾ. ನಾಯಕರ ಅಂಕಣ ಸಂಕಲನ 'ಸಂಪ್ರತಿ'ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಪಿ. ಲಂಕೇಶರ ಪತ್ರಿಕಾಗದ್ಯವನ್ನು ಕುರಿತು ವಿಭಾಗಗಳಲ್ಲಿ ಗಂಭೀರ ಚರ್ಚೆ ನಡೆದಿದೆ. ಆದರೆ 1999ರಲ್ಲಿ 'ವಿಜಯ ಕರ್ನಾಟಕ' ಆರಂಭವಾದ ಮೇಲೆ ದಿನಪತ್ರಿಕೆಗಳಲ್ಲಿ ಬೆಳೆದು ನಿಂತ ಸಂಪ್ರದಾಯಪರ, ಬಲಪಂಥೀಯ ಒಲವಿನ ಅಂಕಣಗದ್ಯವನ್ನು ಕನ್ನಡ ವಿಭಾಗಗಳು ಓದಿದ್ದು ಕಡಿಮೆ, ಖಂಡಿಸಿದ್ದೇ ಹೆಚ್ಚು. ಅದು ಸಾಹಿತ್ಯವಲ್ಲ, ಪ್ರಚಾರ ಎಂದು ಕೈತೊಳೆದುಕೊಳ್ಳುವುದು ಸುಲಭವಾಯಿತು. ಅಷ್ಟರಲ್ಲಿ ಆ ಗದ್ಯವು ವಿಭಾಗಗಳಿಗೆ ಬರುವ ವಿದ್ಯಾರ್ಥಿಗಳ ಚರಿತ್ರೆಯ ಕಲ್ಪನೆಯನ್ನೇ ರೂಪಿಸತೊಡಗಿತ್ತು. 'ಬೆತ್ತಲೆ ಜಗತ್ತು' ಅಂಕಣದ ಪ್ರತಾಪ ಸಿಂಹ ಅವರು 2014ರಲ್ಲಿ ಲೋಕಸಭೆಗೆ ಆಯ್ಕೆಯಾದದ್ದು ಒಂದು ಪಕ್ಷದ ಚುನಾವಣಾ ಗೆಲುವು ಮಾತ್ರವಲ್ಲ. ಕನ್ನಡದ ಒಂದು ಗದ್ಯಪ್ರಕಾರ ಗಳಿಸಿಕೊಂಡ ಸಾಮಾಜಿಕ ಬಲಕ್ಕೂ ಅದು ಸಾಕ್ಷಿ. ಇದನ್ನು ಗಮನಿಸದ ಸಾಹಿತ್ಯ ಚರಿತ್ರೆ ಅಪೂರ್ಣವೇ ಸರಿ.

ಈ ಗದ್ಯದ ಸ್ವರೂಪವನ್ನು ತಿಳಿಯಲು 2006ರ ವಾಗ್ವಾದಕ್ಕೆ ಹೋಗಬೇಕು. ಅಂದಿನ ಉನ್ನತ ಶಿಕ್ಷಣ ಸಚಿವ ಡಿ.ಎಚ್. ಶಂಕರಮೂರ್ತಿ ಅವರು, ಆಡಳಿತದಲ್ಲಿ ಪಾರ್ಸಿಯನ್ನು ಬಳಸಿದ ಟಿಪ್ಪು ಕನ್ನಡ ವಿರೋಧಿ ಎಂದರು. ಗಿರೀಶ ಕಾರ್ನಾಡರು ಅದನ್ನು ವಿರೋಧಿಸಿದರು. ಎಸ್.ಎಲ್. ಭೈರಪ್ಪನವರು ಕಾರ್ನಾಡರಿಗೆ 'ವಿಜಯ ಕರ್ನಾಟಕ'ದಲ್ಲಿ ದೀರ್ಘ ಲೇಖನದ ಮೂಲಕ ಉತ್ತರಿಸಿದರು. ಮುಂದೆ ಓದುಗರೂ ಲೇಖಕರೂ ಸೇರಿ ನಡೆಸಿದ ಚರ್ಚೆಯಲ್ಲಿ ಶಾಸನ, ಪತ್ರ, ಪ್ರವಾಸಿ ವೃತ್ತಾಂತಗಳ ಹೆಸರುಗಳು ದಿನಪತ್ರಿಕೆಯ ಪುಟಕ್ಕೆ ಬಂದವು. ಸಂಶೋಧನಾ ಪತ್ರಿಕೆಗಳ ಒಳಗೆ ಉಳಿಯುತ್ತಿದ್ದ ಪ್ರಶ್ನೆಯೊಂದು ಬಸ್ ನಿಲ್ದಾಣದ ಬೆಂಚಿಗೆ ತಲುಪಿತು. ಇದನ್ನು ಕೇವಲ ಅನಾಹುತವೆಂದು ಬಗೆಯುವುದು ಪ್ರಾಮಾಣಿಕವಲ್ಲ. ಚರಿತ್ರೆ ಎಲ್ಲರ ಸ್ವತ್ತು ಎಂದು ದಶಕಗಳ ಕಾಲ ಹೇಳಿದವರು, ಎಲ್ಲರೂ ಅದಕ್ಕೆ ಕೈ ಹಾಕಿದಾಗ ಗಾಬರಿಯಾದರು.

ಮರುವರ್ಷ, 2007ರಲ್ಲಿ, 'ಆವರಣ' ಬಂದಿತು. ಆ ಕಾದಂಬರಿಯ ಪ್ರಸ್ತಾವನೆಯಲ್ಲಿ ಭೈರಪ್ಪನವರು ವೇದಾಂತದ ಎರಡು ಪರಿಭಾಷೆಗಳನ್ನು ಎತ್ತಿಕೊಳ್ಳುತ್ತಾರೆ. ಸತ್ಯವನ್ನು ಮರೆಮಾಡುವುದು ಆವರಣ. ಅಸತ್ಯವನ್ನು ಮುಂದೆ ಬಿಂಬಿಸುವುದು ವಿಕ್ಷೇಪ. ಅನಂತರದ ಸಂಪ್ರದಾಯಪರ ವ್ಯಾಖ್ಯಾನವು ಮೊದಲನೆಯ ಶಬ್ದವನ್ನು ಮಾತ್ರ ಹೊತ್ತುಕೊಂಡು ನಡೆಯಿತು. 'ಇದನ್ನು ನಿಮಗೆ ಯಾರೂ ಹೇಳಲಿಲ್ಲ', 'ಪಠ್ಯಪುಸ್ತಕ ಇದನ್ನು ಬಚ್ಚಿಟ್ಟಿತು' ಎಂಬ ಧಾಟಿಯೇ ಈ ಗದ್ಯದ ಶ್ರುತಿಯಾಯಿತು. ಓದುಗನನ್ನು ಅದು ಶಿಷ್ಯನ ಸ್ಥಾನದಲ್ಲಿ ಕೂರಿಸುವುದಿಲ್ಲ, ವಂಚಿತನ ಸ್ಥಾನದಲ್ಲಿ ಕೂರಿಸುತ್ತದೆ. ಆದುದರಿಂದಲೇ ಅದರ ವಾಕ್ಯಗಳು ಚಿಕ್ಕವು, ಪ್ರಶ್ನೆಗಳು ಹೆಚ್ಚು, ಉತ್ತರಗಳು ಮೊದಲೇ ಸಿದ್ಧ. ವಿಕ್ಷೇಪವೆಂಬ ಎರಡನೆಯ ಶಬ್ದವನ್ನು ಮಾತ್ರ ಯಾರೂ ಬಳಸಿಕೊಳ್ಳಲಿಲ್ಲ. ಈ ಗದ್ಯವನ್ನು ಅಳೆಯಲು ಹೊರಗಿನ ಸಿದ್ಧಾಂತಗಳನ್ನು ತರಬೇಕಾಗಿಲ್ಲ. ಅದರ ಹಿರಿಯ ಲೇಖಕರು ಕೊಟ್ಟ ಈ ಜೋಡಿಯೇ ಸಾಕು. ಚಿತ್ರದುರ್ಗದ ಓಬವ್ವನ ಪ್ರಸಂಗ ಅದಕ್ಕೆ ತಕ್ಕ ನಿದರ್ಶನ.

2015ರ ನವೆಂಬರ್ 10ರಂದು ರಾಜ್ಯ ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು. ಮಡಿಕೇರಿಯಲ್ಲಿ ಗಲಭೆಯಾಗಿ ಪ್ರಾಣಹಾನಿ ಸಂಭವಿಸಿತು. ಅದೇ ದಿನ ಬೆಂಗಳೂರಿನಲ್ಲಿ ಕಾರ್ನಾಡರು, ಅಲ್ಲಿನ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿನ ಬದಲು ಟಿಪ್ಪುವಿನ ಹೆಸರು ಒಪ್ಪುತ್ತಿತ್ತು ಎಂಬರ್ಥದ ಮಾತನಾಡಿ ಬಳಿಕ ಕ್ಷಮೆ ಕೇಳಿದರು. ಹೀಗೆ ಹದಿನೆಂಟನೆಯ ಶತಮಾನದ ದೊರೆಯೊಬ್ಬ ರಾಜಧಾನಿಯ ನಾಮಕರಣ ರಾಜಕಾರಣದ ಪಾತ್ರವಾದ. ಟಿಪ್ಪುವಿಗೆ ಎದುರಾಗಿ ನಿಲ್ಲಿಸಲು ಸ್ಥಳೀಯ ವೀರರ ಅಗತ್ಯ ಬಿದ್ದಾಗ ಕೆಂಪೇಗೌಡರ ಜೊತೆಗೆ ಮದಕರಿ ನಾಯಕ, ಓಬವ್ವರ ಹೆಸರುಗಳೂ ಮುನ್ನೆಲೆಗೆ ಬಂದವು. 2019ರ ಜುಲೈನಲ್ಲಿ ಹೊಸ ಸರ್ಕಾರ ಟಿಪ್ಪು ಜಯಂತಿಯನ್ನು ರದ್ದುಮಾಡಿತು. 2021ರಿಂದ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ ಸರ್ಕಾರಿ ಆಚರಣೆಯಾಯಿತು. ಎರಡು ತಾರೀಖುಗಳ ನಡುವೆ ಒಂದೇ ರಾತ್ರಿಯ ಅಂತರ. 2023ರಲ್ಲಿ ಸರ್ಕಾರ ಮತ್ತೆ ಬದಲಾದ ಮೇಲೂ ಓಬವ್ವನ ಜಯಂತಿ ನಿಲ್ಲಲಿಲ್ಲ. ಅದನ್ನು ನಿಲ್ಲಿಸುವ ಧೈರ್ಯ ಯಾವ ಪಕ್ಷಕ್ಕೂ ಇರಲಾರದು. (ಜನಪದ ಸ್ಮೃತಿ ಹುಟ್ಟಿದ ತಾರೀಖನ್ನು ಕೇಳುವುದಿಲ್ಲ. ಸರ್ಕಾರದ ಸುತ್ತೋಲೆ ಕೇಳುತ್ತದೆ.)

ಆಚರಣೆ ತಪ್ಪೆಂದು ಇಲ್ಲಿ ವಾದಿಸುತ್ತಿಲ್ಲ. ಆಚರಣೆಯ ಸುತ್ತ ಬೆಳೆದ ವ್ಯಾಖ್ಯಾನ ಯಾವುದನ್ನು ಉಳಿಸಿಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದು ಪ್ರಶ್ನೆ. ಅಂಕಣಗಳ ಕಥನದಲ್ಲಿ ದುರ್ಗದ ಚರಿತ್ರೆ ಎರಡು ಧರ್ಮಗಳ ಕದನವಾಗಿ ಸರಳಗೊಳ್ಳುತ್ತದೆ. ಪಾಳೆಯಗಾರರ ಚರಿತ್ರೆಯನ್ನು ತೆರೆದರೆ ಕಾಣುವುದು ಬೇರೆ. 1748ರ ಸುಮಾರಿಗೆ ನಡೆದ ಮಾಯಕೊಂಡದ ಯುದ್ಧದಲ್ಲಿ ದುರ್ಗದ ಹಿರೇ ಮದಕರಿ ನಾಯಕ ಮಡಿದದ್ದು ಬಿದನೂರು, ಹರಪನಹಳ್ಳಿಗಳ ಎದುರಾಳಿ ಪಡೆಗಳ ಕೈಯಲ್ಲಿ; ಅವನ ಪಕ್ಕದಲ್ಲಿ ಕಾದಿದವನು ಚಂದಾ ಸಾಹೇಬ. ಕೊನೆಯ ಮದಕರಿ ನಾಯಕನೇ 1763ರ ಬಿದನೂರು ದಂಡಯಾತ್ರೆಯಲ್ಲಿ ಹೈದರಾಲಿಯ ಜೊತೆಗಿದ್ದ. ಮುಂದೆ ಅವನು ಮರಾಠರತ್ತ ವಾಲಿದ್ದು, ಹೈದರ್ ಮುನಿದದ್ದು, 1779ರಲ್ಲಿ ಕೋಟೆ ಬಿದ್ದದ್ದು ಎಲ್ಲವೂ ಕಪ್ಪಕಾಣಿಕೆ, ಸೈನ್ಯಸಹಾಯ, ಗಡಿಗಳ ಲೆಕ್ಕಾಚಾರದ ಫಲ. ನೆರೆಯ ಪಾಳೆಯಗಾರನನ್ನು ಮುರಿಯಲು ನವಾಬನ ನೆರವು, ನವಾಬನನ್ನು ತಡೆಯಲು ಪೇಶ್ವೆಯ ನೆರವು: ಅಂದಿನ ಪಾಳೆಯಪಟ್ಟುಗಳು ಬದುಕಿದ ರೀತಿ ಇದು. ಅಂಕಣಗದ್ಯ ಇದನ್ನು ಹೇಳದಿರುವುದು ಆವರಣವಲ್ಲದೆ ಮತ್ತೇನು?

ಇನ್ನೊಂದು ಪಂಗಡದ ಆವರಣವೂ ಚಿಕ್ಕದಲ್ಲ. ದುರ್ಗ ಕೈವಶವಾದ ಮೇಲೆ ಹೈದರನು ಬೇಡ ಸಮುದಾಯದ ಬಲವನ್ನು ಮುರಿಯಲು ಸುಮಾರು 20,000 ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಹುಡುಗರನ್ನು ಮತಾಂತರಿಸಿ 'ಚೇಲಾ' ಪಡೆಗಳಿಗೆ ಸೇರಿಸಿದ ಎಂಬುದು ವಿಲ್ಕ್ಸ್‌, ರೈಸ್ ಅವರ ಬರಹಗಳಲ್ಲಿ ದಾಖಲಾಗಿದೆ. ವಸಾಹತುಶಾಹಿ ಆಕರಗಳನ್ನು ಎಚ್ಚರದಿಂದ ಓದಬೇಕು, ನಿಜ. ಎಚ್ಚರದಿಂದ ಓದುವುದಕ್ಕೂ ಓದದೆ ಬಿಡುವುದಕ್ಕೂ ವ್ಯತ್ಯಾಸವಿದೆ. ಪ್ರಗತಿಪರ ಬರಹ ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತದೆ. ಅದು ಸರಿಯೇ, 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಆ ಪತ್ರಗಳು 'ಕನ್ನಡ ವಿರೋಧಿ' ಎಂಬ ಮಾತನ್ನು ಬಹುಮಟ್ಟಿಗೆ ದುರ್ಬಲಗೊಳಿಸುತ್ತವೆ. ಆದರೆ ಶೃಂಗೇರಿಯ ಪತ್ರ ನೆನಪಾಗುವಷ್ಟು ಸಲೀಸಾಗಿ ದುರ್ಗದ ಆ ಹುಡುಗರು ನೆನಪಾಗುವುದಿಲ್ಲ. ಈ ಮೌನದ ಜಾಗದಲ್ಲಿಯೇ ಸಂಪ್ರದಾಯಪರ ಅಂಕಣ ಬೇರು ಬಿಟ್ಟಿತು.

ಓಬವ್ವನ ಕಥೆಗೆ ಬಂದರೆ ಎರಡೂ ಕಡೆಯ ಕತ್ತರಿಪ್ರಯೋಗ ಇನ್ನೂ ಸ್ಪಷ್ಟವಾಗುತ್ತದೆ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾಗ ನೀರಿಗೆ ಹೋದ ಹೆಂಡತಿ, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಕಂಡು, ಒನಕೆ ಹಿಡಿದು ಒಬ್ಬೊಬ್ಬರನ್ನೇ ಬಡಿದುಹಾಕಿದಳು ಎಂಬುದು ಎಲ್ಲರೂ ಬಲ್ಲ ಎಳೆ. ಅವಳ ಸಾವು ಹೇಗಾಯಿತೆಂಬಲ್ಲಿ ಹೇಳಿಕೆಗಳು ಒಂದೇ ಆಗಿಲ್ಲ. ತ.ರಾ.ಸು. ಅವರ ಕಾದಂಬರಿಗಳು ದುರ್ಗದ ಚರಿತ್ರೆಯನ್ನು ಓದುಗರ ಮನೆಗೆ ತಂದವು. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದಲ್ಲಿ ಜಯಂತಿ ಅವರು ಅಭಿನಯಿಸಿದ ಓಬವ್ವ ನಾಡಿನ ಕಣ್ಣಿನಲ್ಲಿ ನಿಂತಳು. ಇಂದು ಭಾಷಣ, ಭಿತ್ತಿಪತ್ರಗಳಲ್ಲಿ ಕಾಣುವ ಓಬವ್ವ ಕೋಟೆಯ ಕೇರಿಯಿಂದ ಬಂದವಳಿಗಿಂತ ಹೆಚ್ಚಾಗಿ ಆ ತೆರೆಯಿಂದ ಇಳಿದವಳು.

ಸಂಪ್ರದಾಯಪರ ಕಥನ ಅವಳನ್ನು 'ವೀರವನಿತೆ' ಎನ್ನುತ್ತದೆ, ಅವಳ ಛಲವಾದಿ ಹುಟ್ಟನ್ನು ಮೆಲ್ಲಗೆ ದಾಟಿಹೋಗುತ್ತದೆ. ಕೋಟೆಯನ್ನು ಉಳಿಸಿದವಳಿಗೆ ಆ ಕೋಟೆಯ ಊರಿನಲ್ಲಿ ಯಾವ ಜಾಗವಿತ್ತು ಎಂಬ ಪ್ರಶ್ನೆ ಅದಕ್ಕೆ ಬೇಡ. ದಲಿತಪರ, ಪ್ರಗತಿಪರ ಕಥನ ಅವಳ ಜಾತಿಯನ್ನು ಸರಿಯಾಗಿಯೇ ಎತ್ತಿ ಹೇಳುತ್ತದೆ. ಆದರೆ ಕಿಂಡಿಯಲ್ಲಿ ನುಸುಳಿದವರು ಯಾರ ಸೈನಿಕರೆಂಬಲ್ಲಿಗೆ ಬಂದಾಗ ಅದರ ದನಿ ತಗ್ಗುತ್ತದೆ. ಒಂದು ಪಕ್ಷಕ್ಕೆ ಶತ್ರು ಬೇಕು, ಕೇರಿ ಬೇಡ. ಇನ್ನೊಂದಕ್ಕೆ ಕೇರಿ ಬೇಕು, ಶತ್ರು ಬೇಡ. ಹೇಳುವವರ ಬಾಯಲ್ಲಿ ಎರಡೂ ಒಟ್ಟಿಗೇ ಇವೆ. ಜೊತೆಗೆ ಉಣ್ಣುವ ಗಂಡನನ್ನು ಎಬ್ಬಿಸಬಾರದೆಂಬ ಸಂಕೋಚವಿದೆ, ಒನಕೆಯಿದೆ, ನೀರಿನ ಕೊಡವಿದೆ. ಅವಳು ರಾಜ್ಯಕ್ಕಾಗಿ ಹೋರಾಡಿದಳೋ, ಮನೆಯ ಊಟದ ಹೊತ್ತನ್ನು ಕಾಯ್ದಳೋ ಎಂಬುದನ್ನು ಕಥೆ ಬಿಡಿಸಿ ಹೇಳುವುದಿಲ್ಲ. ಕಥೆಯ ಶಕ್ತಿ ಇರುವುದು ಅಲ್ಲಿ. ಜಯಂತಿಯ ಭಾಷಣಕ್ಕೆ ಈ ಸೂಕ್ಷ್ಮ ದಕ್ಕದಿದ್ದರೆ ಆಶ್ಚರ್ಯವಿಲ್ಲ. ಸಂಶೋಧನೆಗೂ ದಕ್ಕದಿದ್ದರೆ ಕಷ್ಟ.

ಇಲ್ಲಿ ಚಿತ್ರದುರ್ಗದವರಿಗೇ ಇರುಸುಮುರುಸಾಗುವ ಪ್ರಶ್ನೆಯೊಂದನ್ನು ಎತ್ತಬೇಕಾಗಿದೆ. 2023ರ ಮಾರ್ಚ್‌ನಲ್ಲಿ, ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡರೆಂಬ ಇಬ್ಬರು ಒಕ್ಕಲಿಗ ವೀರರು ಎಂಬ ವಾದ ಚುನಾವಣೆಯ ಹೊಸ್ತಿಲಲ್ಲಿ ಮೊಳಗಿತು. ಪ್ರಧಾನಿಯ ಭೇಟಿಗಾಗಿ ಮಂಡ್ಯದಲ್ಲಿ ಕಟ್ಟಿದ ದ್ವಾರಕ್ಕೆ ಆ ಹೆಸರುಗಳು ಬಂದು, ಆಕ್ಷೇಪದ ಬಳಿಕ ಬದಲಾದವು. ಚಲನಚಿತ್ರದ ಘೋಷಣೆಯಾಗಿ, ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರ ಮಾತಿನ ನಂತರ ನಿಂತಿತು. ಇತಿಹಾಸಕಾರರು ಆಧಾರ ಕೇಳಿದರು. ಆಗ ಒಬ್ಬ ಚುರುಕಾದ ಅಂಕಣಕಾರ, ಓಬವ್ವನಿಗೆ ಯಾವ ಶಾಸನವಿದೆ, ಅವಳನ್ನು ಒಪ್ಪುವವರು ಉರಿಗೌಡನನ್ನು ಏಕೆ ಒಪ್ಪುವುದಿಲ್ಲ ಎಂದು ಕೇಳಿದ್ದರೆ ಕನ್ನಡ ವಿಭಾಗಗಳ ಉತ್ತರವೇನಾಗುತ್ತಿತ್ತು? 'ಅದು ಜಾನಪದ, ಇದು ಕಟ್ಟುಕಥೆ' ಎಂದಷ್ಟೇ ಹೇಳಿದರೆ ಸಾಲದು.

ಉತ್ತರವಿದೆ, ಆದರೆ ಅದಕ್ಕೆ ಕೆಲಸ ಬೇಕು. ಓಬವ್ವನ ಕಥೆಗೆ ಒಂದು ಜಾಗವಿದೆ: ಕೋಟೆಯಲ್ಲಿ ಅವಳ ಹೆಸರಿನ ಕಿಂಡಿ, ಹತ್ತಿರದ ತಣ್ಣೀರು ದೋಣಿ. ಅವಳನ್ನು ತನ್ನವಳೆಂದು ನೆನೆಯುವ ಸಮುದಾಯವಿದೆ. ಹೇಳಿಕೆಯಿಂದ ಹೇಳಿಕೆಗೆ ವ್ಯತ್ಯಾಸಗಳಿವೆ. ವ್ಯತ್ಯಾಸ ಜೀವಂತ ಮೌಖಿಕ ಪರಂಪರೆಯ ಲಕ್ಷಣ. ಮೇಲಿನಿಂದ ಬಿತ್ತರವಾದ ಕಥೆಯಲ್ಲಿ ಪಾಠಾಂತರಗಳಿರುವುದಿಲ್ಲ. ಎಲ್ಲೆಡೆ ಒಂದೇ ವಾಕ್ಯ, ಒಂದೇ ಚಿತ್ರ, ಒಂದೇ ಘೋಷಣೆ. ಹೀಗೆ ನೋಡಿದರೆ ಓಬವ್ವ 'ನಿಜ', ಉರಿಗೌಡ 'ಸುಳ್ಳು' ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ಯಾರು, ಯಾವಾಗ, ಯಾರ ಮುಂದೆ ಹೇಳಿದರು ಎಂಬುದು. ವಿಕ್ಷೇಪವನ್ನು ಗುರುತಿಸುವ ವಿಧಾನ ಇದೇ. ಭೈರಪ್ಪನವರು 2025ರಲ್ಲಿ ತೀರಿಕೊಂಡಾಗ ಅವರ ಆಕರನಿಷ್ಠೆಯನ್ನು ಹೊಗಳದವರಿರಲಿಲ್ಲ. ಆ ನಿಷ್ಠೆಯನ್ನು ಅವರ ಅಭಿಮಾನಿ ಗದ್ಯದ ಮೇಲೂ ಪ್ರಯೋಗಿಸುವುದು ಅವರಿಗೆ ಮಾಡುವ ಅನ್ಯಾಯವೇನಲ್ಲ.

ಈ ವಿಧಾನ ಕನ್ನಡ ವಿಭಾಗಗಳಿಗೆ ಹೊಸದೂ ಅಲ್ಲ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹೋಬಳಿಯನ್ನು ತೆಗೆದುಕೊಳ್ಳಬಹುದು. ಶಿರಾ ಮತ್ತು ಹಿರಿಯೂರುಗಳ ನಡುವೆ ಹೆದ್ದಾರಿಯಲ್ಲಿ ಸಾಗುವ ರಾಜಧಾನಿಯ ವಾಹನಗಳಿಗೆ ಅದೊಂದು ನಾಮಫಲಕ. ನಗರದ ಅಂಕಣಗಳು 'ಹಳ್ಳಿಯ ಸಹಜ ಸಂಸ್ಕೃತಿ' ಎಂದು ಇಂಗ್ಲಿಷ್ ಕಲಿತ ಬುದ್ಧಿಜೀವಿಗಳ ಎದುರು ನಿಲ್ಲಿಸುವುದು ಇಂಥ ಊರುಗಳನ್ನೇ. ಆದರೆ ಈ ಸೀಮೆಯ ಗೊಲ್ಲರಹಟ್ಟಿಗಳ ಸಂಸ್ಕೃತಿಯನ್ನು ಬಲ್ಲವರಿಗೆ 'ಸಹಜ' ಎಂಬ ಶಬ್ದ ಎಷ್ಟು ಪೊಳ್ಳೆಂಬುದು ಗೊತ್ತು. ಗಣೆಯ ಜೊತೆ ಹಾಡುವ ಜುಂಜಪ್ಪನ ಕಾವ್ಯದಲ್ಲಿ ವೀರನ ಹಗೆಗಳು ಬೇರೆ ಧರ್ಮದವರಲ್ಲ. ಹಗೆತನ ಹುಟ್ಟುವುದು ಬಂಧುವರ್ಗದೊಳಗೆ. ಅದೇ ಹಟ್ಟಿಯಲ್ಲಿ ಸೂತಕದ ಹೆಣ್ಣನ್ನು ಹೊರಗಿಡುವ ಕಟ್ಟಳೆಯೂ ಇತ್ತು, ಕೆಲವೆಡೆ ಇಂದಿಗೂ ಉಳಿದಿದೆ. ಹಾಡನ್ನು ಮಾತ್ರ ಕೊಂಡಾಡಿ ಕಟ್ಟಳೆಯನ್ನು ಬಚ್ಚಿಡುವವರಿಗೂ, ಕಟ್ಟಳೆಯನ್ನು ಮಾತ್ರ ಹಿಡಿದು ಹಾಡಿಗೆ ಕಿವುಡಾಗುವವರಿಗೂ ಹಟ್ಟಿ ದಕ್ಕುವುದಿಲ್ಲ. ತೀ.ನಂ. ಶಂಕರನಾರಾಯಣ ಮೊದಲಾದವರು ಕಾಡುಗೊಲ್ಲರ ನಡುವೆ ಮಾಡಿದ ಕ್ಷೇತ್ರಕಾರ್ಯವಾಗಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಮೌಖಿಕ ಕಾವ್ಯಗಳ ಸಂಪುಟಗಳಾಗಲಿ ಕಲಿಸಿದ್ದು ಇದನ್ನು. ಒಬ್ಬ ಗಾಯಕನ ಪಾಠವನ್ನು ಇನ್ನೊಬ್ಬನ ಪಾಠದ ಪಕ್ಕದಲ್ಲಿಟ್ಟು ಓದುವ ತಾಳ್ಮೆ ಆ ಪೀಳಿಗೆಗಿತ್ತು.

ಆ ತಾಳ್ಮೆ ಅಂಕಣಗದ್ಯದ ಓದಿಗೂ ಬರಬೇಕು. 2006ರ ಟಿಪ್ಪು ಚರ್ಚೆಯ ಲೇಖನಗಳನ್ನೂ ಓದುಗರ ಪತ್ರಗಳನ್ನೂ ಕಾಲಾನುಕ್ರಮದಲ್ಲಿ ಕೂಡಿಸಿ, ಯಾವ ಆಕರ ಎಲ್ಲಿ ಮೊದಲು ಉಲ್ಲೇಖವಾಯಿತು, ಎಷ್ಟನೆಯ ಉಲ್ಲೇಖಕ್ಕೆ ಅದರ 'ಎನ್ನಲಾಗಿದೆ' ಕಳಚಿ 'ಆಗಿದೆ' ಉಳಿಯಿತು ಎಂದು ಗುರುತಿಸುವುದು ಒಂದು ಎಂ.ಫಿಲ್. ಮಟ್ಟದ ಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸ. ಕೋಟೆಯ ಮಾರ್ಗದರ್ಶಿಗಳು ಪ್ರವಾಸಿಗರಿಗೆ ಹೇಳುವ ಓಬವ್ವನನ್ನೂ ಛಲವಾದಿ ಕೇರಿಗಳ ಹಿರಿಯ ಹೆಂಗಸರು ಮೊಮ್ಮಕ್ಕಳಿಗೆ ಹೇಳುವ ಓಬವ್ವನನ್ನೂ ಬೇರೆಬೇರೆಯಾಗಿ ಧ್ವನಿಮುದ್ರಿಸಿ ಹೋಲಿಸುವುದು ಮತ್ತೊಂದು. ಮೊದಲನೆಯದಕ್ಕೆ ಹಳೆಯ ಪತ್ರಿಕೆಗಳ ಕಡತ ಬೇಕು, ಅವು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಎರಡನೆಯದರ ಕಡತ ಮನುಷ್ಯರ ನೆನಪಿನಲ್ಲಿದೆ. ಜಯಂತಿಯ ಭಾಷಣಗಳನ್ನು ವರ್ಷವರ್ಷ ಕೇಳುವ ಮಕ್ಕಳು ಅಜ್ಜಿಯ ಪಾಠವನ್ನು ವೇದಿಕೆಯ ಪಾಠಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಮೊದಲೇ ಧ್ವನಿಮುದ್ರಣ ನಡೆಯಬೇಕು. ಆದುದರಿಂದ ಎರಡನೆಯದು ಮೊದಲು ಆಗಬೇಕಾದ ಕೆಲಸ.