ಚಂಚಲ ಚಿತ್ತದ ದಿನಚರಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಶಾಲೆಗಳ ಮಕ್ಕಳು ದೇವರಾಯನದುರ್ಗಕ್ಕೆ ಪ್ರವಾಸ ಹೋಗುವುದು ಸಾಮಾನ್ಯವಾದ ಸಂಗತಿ. ಅಂತಹ ತಂಡವೊಂದರಲ್ಲಿ ಒಬ್ಬ ಹುಡುಗನಿದ್ದಾನೆಂದು ಕಲ್ಪಿಸಿಕೊಳ್ಳೋಣ. ಬುತ್ತಿಯನ್ನೂ ನೀರನ್ನೂ ತರಬೇಕೆಂದು ಮೇಷ್ಟರು ಮೂರು ದಿನ ಮೊದಲೇ ಹೇಳಿದ್ದರು. ಆತನಾದರೋ ಬುತ್ತಿಯನ್ನು ಜಗಲಿಯ ಮೇಲೆಯೇ ಮರೆತು, ಕೊನೆಯ ಗಳಿಗೆಯಲ್ಲಿ ಓಡೋಡಿ ಬಂದು ಬಸ್ಸು ಹತ್ತಿದನು. ನಾಮದ ಚಿಲುಮೆಯಲ್ಲಿ ಬಂಡೆಯ ಕುಳಿಯಿಂದ ನೀರು ಜಿನುಗುವುದನ್ನು ನೋಡುತ್ತ ಕುಳಿತವನು, ಜೊತೆಯವರೆಲ್ಲ ಬೆಟ್ಟದತ್ತ ಹೊರಟರೂ ಮೇಲೇಳಲಿಲ್ಲ. “ಎಲ್ಲಿದೆಯೋ ನಿನ್ನ ಗಮನ?” ಎಂದು ಮೇಷ್ಟರು ಗದರಿಸಿದರು. ಗಮನವು ಆ ನೀರಿನಲ್ಲಿಯೇ ಇತ್ತು. ಅದನ್ನು ಬೇಕಾದಾಗ ಅಲ್ಲಿಂದ ಬಿಡಿಸಿ ಬೇರೆಡೆಗೆ ತಿರುಗಿಸುವ ಶಕ್ತಿ ಅವನಿಗೆ ಕಡಮೆ, ಅಷ್ಟೆ.

ಇಂತಹ ಮಕ್ಕಳನ್ನು ಸೋಮಾರಿಗಳೆಂದೂ ಬೇಜವಾಬ್ದಾರರೆಂದೂ ಕರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ರೂಢಿ ಅನ್ಯಾಯವಾದುದೆಂದು ನಾನು ಭಾವಿಸುತ್ತೇನೆ. ಇವರಲ್ಲಿ ಹಲವರಿಗೆ ಇರುವುದು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ. “ನಮ್ಮ ಕಾಲದಲ್ಲಿ ಇಂಥದೆಲ್ಲ ಇರಲಿಲ್ಲ” ಎಂದು ಹಿರಿಯರು ಹೇಳುವುದುಂಟು. ಹೆಸರು ಇರಲಿಲ್ಲವೆಂಬುದು ನಿಜ. ಆದರೆ ಒಂದೇ ವಿಷಯದ ಮೇಲೆ ಮನಸ್ಸನ್ನು ನಿಲ್ಲಿಸಲಾರದವರ ಸ್ಥಿತಿಯನ್ನು ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಷ್ಟು ಹಿಂದೆಯೇ ವರ್ಣಿಸಿದ್ದನು. ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ವೈದ್ಯನು ಲಂಡನ್ನಿನಲ್ಲಿ ಉಪನ್ಯಾಸಗಳನ್ನಿತ್ತನು. ಈಗಿನ ಹೆಸರು ಬಳಕೆಗೆ ಬಂದುದು 1987ರಲ್ಲಿ.

ಅಷ್ಟಾವಧಾನವನ್ನು ನೋಡಿದವರಿಗೆ ಈ ತೊಂದರೆಯ ಸ್ವರೂಪ ಬೇಗ ಅರ್ಥವಾದೀತು. ಅವಧಾನಿಯ ಸುತ್ತ ಕುಳಿತ ಎಂಟು ಮಂದಿ ಪೃಚ್ಛಕರಲ್ಲಿ ಅಪ್ರಸ್ತುತ ಪ್ರಸಂಗದವರೊಬ್ಬರಿರುತ್ತಾರೆ. ಸಂಬಂಧವಿಲ್ಲದ ಪ್ರಶ್ನೆಗಳನ್ನು ನಡುನಡುವೆ ಎಸೆದು ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ ಅವರ ಕೆಲಸ. ಸಭೆ ಮುಗಿದ ಬಳಿಕ ಅವರು ಎದ್ದು ಮನೆಗೆ ಹೋಗುತ್ತಾರೆ. ಈ ತೊಂದರೆಯುಳ್ಳ ಮಗುವಿನ ತಲೆಯಲ್ಲಿ ಅಂಥವರೊಬ್ಬರು ಸದಾಕಾಲ ಬಿಡಾರ ಹೂಡಿರುತ್ತಾರೆ. ಲೆಕ್ಕ ಮಾಡುವಾಗ ಕಾಗೆಯ ಕೂಗು, ಪದ್ಯ ಓದುವಾಗ ನಿನ್ನೆಯ ಆಟ.

ಹಾಗೆಂದು ಚಡಪಡಿಸುವ ಮಕ್ಕಳೆಲ್ಲರಿಗೂ ಈ ಹೆಸರನ್ನು ಅಂಟಿಸಕೂಡದು. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತಲೆದೋರಿರಬೇಕು. ಆರು ತಿಂಗಳಾದರೂ ಉಳಿದಿರಬೇಕು. ಮನೆ, ಶಾಲೆ ಎರಡೂ ಕಡೆ ಕಾಣಿಸಬೇಕು. ನಿರ್ಣಯಿಸತಕ್ಕವರು ವೈದ್ಯರೇ ಹೊರತು ನೆರೆಮನೆಯವರಲ್ಲ. ಹೆಣ್ಣುಮಕ್ಕಳಲ್ಲಂತೂ ಇದು ಎಷ್ಟೋ ವೇಳೆ ಗಲಾಟೆಯಾಗಿ ಹೊರಬೀಳದೆ ಮೌನವಾದ ಹಗಲುಗನಸಾಗಿ ಉಳಿಯುವುದರಿಂದ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ಹಾಗಾದರೆ ದಿನ ಕಳೆಯುವುದೆಂತು? ನಮ್ಮ ಅಜ್ಜಿಯರು ಮರೆಯಬಾರದ ಕೆಲಸವಿದ್ದಾಗ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ನೆನಪಿನ ಭಾರವನ್ನು ತಲೆಯಿಂದ ಇಳಿಸಿ ಬಟ್ಟೆಗೆ ವಹಿಸುವ ಈ ಉಪಾಯಕ್ಕಾಗಿ ಅವರನ್ನು ಯಾರೂ ದಡ್ಡರೆನ್ನಲಿಲ್ಲ. ಚಂಚಲ ಚಿತ್ತದವರು ಮಾಡಬೇಕಾದುದೂ ಇದನ್ನೇ. ನಾಳೆಯ ಕೆಲಸಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ಬರೆಯಬೇಕು. ಹತ್ತು ಚೀಟಿಗಳಲ್ಲಿ ಬರೆದರೆ ಹತ್ತೂ ಕಳೆದುಹೋಗುತ್ತವೆ. ಶಾಲೆಯ ಚೀಲವನ್ನು ರಾತ್ರಿಯೇ ತುಂಬಿ, ಬೆಳಗ್ಗೆ ಎಡವಿಯಾದರೂ ಕಾಣುವಂತೆ ಬಾಗಿಲ ಬಳಿ ಇಡಬೇಕು. ಇವರಿಗೆ ಕಾಲದ ಅಂದಾಜು ಸುಲಭವಾಗಿ ಸಿಕ್ಕುವುದಿಲ್ಲವಾದ್ದರಿಂದ ಗಡಿಯಾರವು ಕಣ್ಣೆದುರಿಗೇ ಇರಬೇಕು.

ದೊಡ್ಡ ಕೆಲಸವನ್ನು ಒಡೆದುಕೊಳ್ಳುವುದು ಇನ್ನೂ ಮುಖ್ಯವಾದುದು. ದೇವರಾಯನದುರ್ಗವನ್ನು ಹತ್ತುವವರು ಕೆಳಗಿನ ಭೋಗನರಸಿಂಹನ ಗುಡಿಯಲ್ಲಿ ದಣಿವಾರಿಸಿಕೊಂಡು ಮೇಲಿನ ಯೋಗನರಸಿಂಹನ ಗುಡಿಗೆ ಮೆಟ್ಟಿಲೇರುತ್ತಾರೆ. ‘ವಿಜ್ಞಾನ ಓದಬೇಕು’ ಎಂಬುದು ಇಡೀ ಬೆಟ್ಟ. ‘ಮೂರನೆಯ ಪಾಠದ ಎರಡು ಪುಟ’ ಎಂಬುದು ಒಂದು ಮೆಟ್ಟಿಲು. ಇಪ್ಪತ್ತು ನಿಮಿಷ ಓದಿ ಐದು ನಿಮಿಷ ಅಂಗಳದಲ್ಲಿ ನಡೆದಾಡಿ ಬರುವುದರಲ್ಲಿ ತಪ್ಪೇನೂ ಇಲ್ಲ. ಪಕ್ಕದಲ್ಲಿ ಅಕ್ಕನೋ ಅಜ್ಜಿಯೋ ತಮ್ಮ ಪಾಡಿಗೆ ತಾವು ಏನಾದರೂ ಕೆಲಸ ಮಾಡುತ್ತ ಕುಳಿತಿದ್ದರೆ ಕೆಲವರಿಗೆ ಓದು ಸಲೀಸಾಗುತ್ತದೆ. ಮೊಬೈಲು ಮಾತ್ರ ಬೇರೆ ಕೋಣೆಯಲ್ಲಿರಲಿ.

ದೇಹವನ್ನು ಮರೆತು ಮನಸ್ಸನ್ನು ತಿದ್ದಲಾಗದು. ನಿದ್ದೆ ಕೆಟ್ಟ ಮರುದಿನ ಚಾಂಚಲ್ಯ ಇಮ್ಮಡಿಯಾಗುತ್ತದೆ. ಓಟ, ಕಬಡ್ಡಿ, ಬೆಟ್ಟ ಹತ್ತುವುದು, ಇವು ಈ ಮಕ್ಕಳಿಗೆ ಹಿತವಾದುವು. ಓದಲಿಲ್ಲವೆಂದು ಆಟವನ್ನೇ ನಿಲ್ಲಿಸುವ ಶಿಕ್ಷೆ ನನಗೆ ವಿವೇಕವೆನಿಸುವುದಿಲ್ಲ. ಅಗತ್ಯವಿದ್ದವರಿಗೆ ವೈದ್ಯರು ಔಷಧವನ್ನು ಕೊಡುತ್ತಾರೆ. ಕೆಲವು ಔಷಧಗಳಿಂದ ಹಸಿವು ಕುಗ್ಗುವುದರಿಂದ ಬೆಳಗಿನ ತಿಂಡಿಯನ್ನು ತಪ್ಪಿಸಬಾರದು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಇದೆಲ್ಲ ಒಂದು ನೆಪವಾಗದೆ? ಎಂದು ಕೇಳುವವರಿದ್ದಾರೆ. ಲೆಕ್ಕವನ್ನು ಆ ಹುಡುಗನೂ ಮಾಡಿ ಮುಗಿಸಲೇಬೇಕು. ಅದರಿಂದ ಅವನಿಗೆ ವಿನಾಯಿತಿಯಿಲ್ಲ. ಅವನು ಅಲ್ಲಿಗೆ ತಲಪುವ ದಾರಿಯನ್ನು ಸ್ವಲ್ಪ ಬದಲಿಸಿರೆಂದಷ್ಟೇ ಕೇಳುತ್ತಿರುವುದು. ಮೈಮೇಲೆ ಬಾಸುಂಡೆ ಎದ್ದರೆ ಗಮನ ಬೆಳೆಯುವುದಿಲ್ಲ. ‘ನಾನು ಯಾವುದಕ್ಕೂ ಬಾರದವನು’ ಎಂಬ ನಂಬಿಕೆ ಬೆಳೆಯುತ್ತದೆ, ಆ ನಂಬಿಕೆ ಹೊತ್ತು ಶಾಲೆಯನ್ನೇ ಬಿಡುವವರೂ ಉಂಟು. ಮನೆಗೆಲಸವನ್ನು ಪ್ರತಿದಿನವೂ ಕರಿಹಲಗೆಯ ಒಂದೇ ಮೂಲೆಯಲ್ಲಿ ಬರೆದಿಟ್ಟರೆ ತರಗತಿಯ ಉಳಿದವರಿಗೆ ನಷ್ಟವೇನೂ ಆಗದು. ಹಲಗೆ ಒರೆಸುವ, ಪುಸ್ತಕ ಹಂಚುವ ಕೆಲಸಗಳನ್ನು ಕುಳಿತಲ್ಲಿ ಕೂರಲಾರದ ಆ ಹುಡುಗನಿಗೇ ಒಪ್ಪಿಸಿದರೆ ಅವನಿಗೂ ಪಾಠದ ನಡುವೆ ಎರಡು ನಿಮಿಷ ಎದ್ದು ಓಡಾಡಲು ಅವಕಾಶ ಸಿಕ್ಕೀತು.