ರಾಣಿಯ ಸಲೂನಿಗೆ ಚಾವಣಿ, ನಮ್ಮ ಥರ್ಡ್ ಕ್ಲಾಸಿಗೆ ಗುಜರಿ

ಗೆಳೆಯರೇ, ಮೈಸೂರಿನ ರೈಲ್ವೆ ಮ್ಯೂಸಿಯಂ ನೋಡಿದವರು ಕೈ ಎತ್ತಿ. 1979ರಲ್ಲಿ ಶುರುವಾದ ಅಲ್ಲಿ 1899ರ ಮಹಾರಾಣಿ ಸಲೂನ್ ಇದೆ. ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲಾ ಇರುವ ಬೋಗಿ. ದೆಹಲಿಯ ಮ್ಯೂಸಿಯಂನಲ್ಲಿ 1875ರ ಪ್ರಿನ್ಸ್ ಆಫ್ ವೇಲ್ಸ್ ಸಲೂನ್ ಇದೆ. ಉಳಿಸಿದ್ದು ಒಳ್ಳೇದೇ, ತಕರಾರಿಲ್ಲ. ಆದರೆ ನಮ್ಮ ಅಜ್ಜ-ಅಜ್ಜಿಯರು ಗಂಟುಮೂಟೆ ಹೊತ್ತು ಹತ್ತಿದ ಬೋಗಿ ಎಲ್ಲಿ?

ಸೊಲ್ಲಾಪುರ, ಜತ್ತ ಕಡೆಯವರಿಗೆ ಬಾರ್ಸಿ ಲೈಟ್ ರೈಲ್ವೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಸಿಗೆ ಶುರುವಾಯ್ತು. 1906ರಲ್ಲಿ ಪಂಢರಪುರ, 1911ರಲ್ಲಿ ಲಾತೂರ್, 1927ರಲ್ಲಿ ಮಿರಜ. ಎರಡೂವರೆ ಅಡಿ ಹಳಿಯ ಮೇಲೆ ಸುಮಾರು 325 ಕಿಲೋಮೀಟರ್! ಜತ್ ರೋಡ್ ಸ್ಟೇಷನ್ ಇದೇ ಲೈನಿನದು. ವಿಠ್ಠಲನ ದರ್ಶನಕ್ಕೆ ಕನ್ನಡದವರು, ಮರಾಠಿಯವರು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತು ಹೋದ ಲೈನು.

ಇದನ್ನು ಕಟ್ಟಿದ ಎಂಜಿನಿಯರ್ ಎವರಾರ್ಡ್ ಕಾಲ್‌ಥ್ರಾಪ್. ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಅನ್ನೋದು ಅವನ ಲೆಕ್ಕ. ಎಂಜಿನ್ನಿಗೂ ಅದೇ, ಬೋಗಿಗೂ ಅದೇ. ಅದಕ್ಕಾಗಿ ಇಂಗ್ಲೆಂಡಿನ ಲೀಡ್ಸ್ ಫೋರ್ಜ್ ಕಾರ್ಖಾನೆಯಲ್ಲಿ ಉಕ್ಕಿನ ತಗಡು ಒತ್ತಿ ಹಗುರವಾದ ಅಡಿಚೌಕಟ್ಟು ಮಾಡಿಸಿದ. ಅಂದರೆ ಈ ರೈಲಿನ ಜಾಣತನ ಬೋಗಿಯಲ್ಲೂ ಇತ್ತು. ಆದರೆ ನಮ್ಮ ದೇಶದಲ್ಲಿ ಸ್ಟೇಷನ್ ಮುಂದೆ ಕಟ್ಟೆ ಕಟ್ಟಿ, ಬಣ್ಣ ಬಳಿದು ನಿಲ್ಲಿಸೋದು ಎಂಜಿನ್ ಒಂದನ್ನೇ. ಬೋಗಿ ಅಂದ್ರೆ ಡಬ್ಬಿ ತಾನೇ, ಯಾರಿಗೆ ಬೇಕು!

ನಾವು ಬ್ಯಾಂಕಿನ ಲೆಕ್ಕ ಬರೆಯೋ ಜನ. ಸವಕಳಿ ಅಂದರೇನು ಗೊತ್ತು. ವರ್ಷವರ್ಷ ಕಳೆದು ಕಳೆದು ಕೊನೆಗೆ ಪುಸ್ತಕದಲ್ಲಿ ಬೆಲೆ ಇಲ್ಲದಂತಾಗುತ್ತೆ. ಆಮೇಲೆ ಬೋಗಿ ಕಂಡೆಮ್, ತೂಕದ ಲೆಕ್ಕದಲ್ಲಿ ಹರಾಜು. ಆದರೆ ಲೆಡ್ಜರಿನಲ್ಲಿ ಬೆಲೆ ಮುಗಿದ ದಿನವೇ ಇತಿಹಾಸದಲ್ಲಿ ಬೆಲೆ ಶುರುವಾಗೋದು. ಈ ಸರಳ ಮಾತು ಸರ್ಕಾರಗಳಿಗೆ ರಾಜರ ಸಲೂನ್ ಕಂಡಾಗ ಮಾತ್ರ ಅರ್ಥ ಆಗುತ್ತೆ. 1974ರಲ್ಲಿ ಥರ್ಡ್ ಕ್ಲಾಸ್ ರದ್ದಾಯ್ತು, ಸರಿಯಾದದ್ದೇ. ಗಾಂಧೀಜಿ 1917ರಲ್ಲೇ ಆ ಡಬ್ಬಿಗಳ ದುರವಸ್ಥೆ ಬಗ್ಗೆ ಬರೆದಿದ್ದರು. ಹಾಗಂತ ಅದರ ಸಾಕ್ಷಿಯನ್ನೂ ಅಳಿಸಬೇಕಾ?

"ಮೊದಲು ಹೊಸ ರೈಲು ಬಿಡಲಿ, ಹಳೇ ಡಬ್ಬಿ ಯಾಕೆ?" ಅಂತ ಕೇಳೋರು ಇದ್ದಾರೆ. ಕೇಳಲಿ. ನ್ಯಾರೋಗೇಜ್ ಹೋಗಿ ಬ್ರಾಡ್‌ಗೇಜ್ ಬಂದದ್ದು ನಮಗೂ ಬೇಕಿತ್ತು. ಆ ನಿಧಾನದ ಗಾಡಿ ವಾಪಸ್ ಕೊಡಿ ಅಂತ ಯಾರೂ ಕೇಳ್ತಿಲ್ಲ. ನಾವು ಕೇಳೋದು ಒಂದು ಲೈನಿಗೆ ಒಂದು ಬೋಗಿ, ಅದರ ಮೇಲೊಂದು ಚಾವಣಿ. ಅಷ್ಟೇ.

ಚಾವಣಿ ಯಾಕೆ? ಬಯಲಲ್ಲಿ ನಿಂತ ಮರದ ಬೋಗಿಯ ಮಾಡು ಮೊದಲು ಸೋರುತ್ತೆ, ನೀರು ಕೀಲುಗಳಿಗೆ ಇಳಿಯುತ್ತೆ, ಬೋಲ್ಟು ತುಕ್ಕು ಹಿಡಿದು ಉಬ್ಬಿ ಹಲಗೆ ಸೀಳುತ್ತೆ, ಮಿಕ್ಕಿದ್ದು ಗೆದ್ದಲಿಗೆ. ಮೇಲೆ ಎನಾಮಲ್ ಬಳಿದರೆ ಕೊಳೆತದ್ದು ಮುಚ್ಚುತ್ತೆ, ಉಳಿಯೋದಿಲ್ಲ. ಬೋಗಿಯನ್ನು ಹೋಟೆಲ್ ಮಾಡಿ ಎಸಿ ಕೂರಿಸೋದೂ ಸಂರಕ್ಷಣೆ ಅಲ್ಲ. ಬೆಂಚು ಕಿತ್ತರೆ ಕಥೆಯನ್ನೇ ಕಿತ್ತಂತೆ.

ಆಗೋದೇ ಇಲ್ಲ ಅನ್ನೋರು ನೀಲಗಿರಿ ನೋಡಲಿ. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ತಲುಪಿದ ಆ ರೈಲು 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಬೆಟ್ಟದ ಗಾಡಿಗೆ ಸಿಕ್ಕ ಗೌರವ ಬಯಲುಸೀಮೆಯ ಗಾಡಿಗೆ ಯಾಕಿಲ್ಲ? ಇಲ್ಲಿಗೆ ಪ್ರವಾಸಿಗರು ಬರಲಿಲ್ಲ, ಬಡವರು ಓಡಾಡಿದರು. ಅದೇ ತಪ್ಪಾ?

ಈಗ ಕೆಲಸದ ಮಾತು. ಆರ್‌ಟಿಐಗೆ ಹತ್ತು ರೂಪಾಯಿ ಸಾಕು. ಬಾರ್ಸಿ ಲೈನಿನ ಪ್ರಯಾಣಿಕರ ಬೋಗಿಗಳು ಎಷ್ಟು ಉಳಿದಿವೆ, ಎಲ್ಲಿವೆ, ಎಷ್ಟು ಹರಾಜಾದವು, ಕೇಳಿ. ಅರ್ಜಿ ಮರಾಠಿಯಲ್ಲೇ ಬರೆಯಿರಿ, ಮರಾಠಿ ಗೆಳೆಯರ ಸಹಿಯನ್ನೂ ಹಾಕಿಸಿ. ಆ ಬೆಂಚು ಅವರದೂ ಹೌದು. ಬೋಗಿ ಉಳಿದು ನಿಂತ ದಿನ ಅದರ ಫಲಕದಲ್ಲಿ ಮರಾಠಿಯ ಪಕ್ಕ ಕನ್ನಡವೂ ಇರಲಿ ಅಂತ ಈಗಲೇ ಕೇಳೋಣ. ಮನೆಯಲ್ಲಿ ಹಳೇ ರಟ್ಟಿನ ಟಿಕೆಟ್, ಫೋಟೋ ಇದ್ದರೆ ಎಸೆಯಬೇಡಿ. ಆ ಗಾಡಿಯಲ್ಲಿ ಓಡಾಡಿದ ಹಿರಿಯರ ಮಾತನ್ನು ಮೊಬೈಲಿನಲ್ಲಿ ಹಿಡಿದಿಡಿ. ಹರಾಜು ನೋಟಿಸ್ ಯಾರಿಗೂ ಕಾಯೋದಿಲ್ಲ.