ಚಂದಯ್ಯನವರಿಗೆ ಹೂಮಾಲೆ, ಅವರ ಕುಲದವರಿಗೆ ಹಾಜರಿ



ಕಳೆದ ನೂಲ ಹುಣ್ಣಿಮೆಯ ದಿನ ನಮ್ಮ ರಾಯಬಾಗ ಸೀಮೆಯ ಒಂದು ಮಠದಲ್ಲಿ ನುಲಿಯ ಚಂದಯ್ಯನವರ ಜಯಂತಿ ನಡೆಯಿತು. ಭಾವಚಿತ್ರಕ್ಕೆ ಹೂಮಾಲೆ, ವಚನ ಗಾಯನ, ಒಂದು ತಾಸು ಪ್ರವಚನ. ಕೆರೆಯಲ್ಲಿ ಹೊಡಕೆ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ದಾಸೋಹ ನಡೆಸಿದ ಶರಣರು. ಲಿಂಗ ಜಾರಿ ಬಿದ್ದರೂ ಕಾಯಕ ನಿಲ್ಲಿಸದವರು. ಕೇಳಿ ನಾವೆಲ್ಲ ತಲೆದೂಗಿದೆವು. ಪ್ರಸಾದ ಮುಗಿಸಿ ಹೊರಗೆ ಬಂದರೆ ಒಬ್ಬರ ಹೊಸ ಚಪ್ಪಲಿ ಕಾಣಲಿಲ್ಲ. ಹುಡುಕುವ ಮೊದಲೇ ಹಿರಿಯರೊಬ್ಬರು, “ಅಲ್ಲೇ ಗೇಟಿನ ಕಡೆ ಕೊರವರ ಹೆಂಗಸರು ಕುಂತಿದ್ರು ನೋಡ್ರಿ” ಎಂದರು. ಕಸಬರಿಗೆ ಮಾರಲು ಬಂದಿದ್ದ ಇಬ್ಬರು ಹೆಣ್ಣುಮಕ್ಕಳ ಗಂಟನ್ನು ಎಲ್ಲರ ಮುಂದೆ ಬಿಚ್ಚಿಸಿದ್ದೂ ಆಯಿತು. ಈಚಲ ಗರಿ, ಒಂದು ಡಬ್ಬಿ, ಅದರಲ್ಲಿ ನಮ್ಮ ಮಠದ್ದೇ ಪ್ರಸಾದ. ಚಪ್ಪಲಿ ಇನ್ನೊಬ್ಬ ಭಕ್ತರ ಕಾಲಲ್ಲಿ ಹೋಗಿತ್ತು; ಮರುದಿನ ತಿರುಗಿ ಬಂತು. ಆ ಹೆಣ್ಣುಮಕ್ಕಳಿಗೆ ಯಾರೂ “ತಪ್ಪಾಯ್ತವ್ವ” ಅನ್ನಲಿಲ್ಲ.

ನುಲಿಯ ಚಂದಯ್ಯನವರನ್ನು ತಮ್ಮವರೆಂದು ಪೂಜಿಸುವುದು ಇದೇ ಕೊರಮ, ಕೊರವ ಸಮಾಜ. ಒಳಗೆ ಯಾರಿಗೆ ಹೂಮಾಲೆ ಹಾಕಿದೆವೋ ಹೊರಗೆ ಅವರ ಕುಲದವರ ಗಂಟು ಬಿಚ್ಚಿಸಿದೆವು.

ನಾನು ಅಂದು ಸುಮ್ಮನೆ ನಿಂತಿದ್ದೆ. ಸುಮ್ಮನಿದ್ದುದಕ್ಕೆ ಕಾರಣವಿದೆ. ಇದಕ್ಕಿಂತ ದೊಡ್ಡ ತಪ್ಪನ್ನು ನಾನೇ ಸಹಿ ಹಾಕಿ ಮಾಡಿದವನು.

1994ರ ಮಾತು. ನಾನು ಆಗ ಸಹಾಯಕ ಎಂಜಿನಿಯರ್. ಒಂದು ಹಳ್ಳಿಯ ಕುಡಿಯುವ ನೀರಿನ ಕಾಮಗಾರಿಯಲ್ಲಿ ಪಂಪ್‌ಹೌಸಿನ ತಾಮ್ರದ ಕೇಬಲ್ ಮತ್ತು ನಾಲ್ಕು ವಾಲ್ವು ಕಳುವಾದವು. ಫಿರ್ಯಾದಿ ಕೊಡಲು ಠಾಣೆಗೆ ಹೋದೆ. ಫೌಜದಾರರು ನನ್ನ ಅರ್ಜಿ ಓದಿ ತಿರುಗಿ ಕೊಟ್ಟರು. “ಯಾರ ಮ್ಯಾಲ ಸಂಶಯ ಐತಿ ಅಂತ ಬರೀರಿ ಸಾಹೇಬ್ರ. ಹಳ್ಳದ ದಂಡಿ ಮ್ಯಾಲ ಕೊರವರ ಗುಡಿಸಲ ಅದಾವಲ್ಲ, ಅದನ್ನ ಬರೀರಿ.” ನಾನು ಬರೆದೆ. ಯಾರನ್ನೂ ನೋಡಿರಲಿಲ್ಲ, ಯಾರ ಹೆಸರೂ ಗೊತ್ತಿರಲಿಲ್ಲ. ಅಂದೇ ರಾತ್ರಿ ಮೂವರನ್ನು ಎತ್ತಿಕೊಂಡು ಹೋದರು. ನಾಲ್ಕನೆಯ ದಿನ ಬಿಟ್ಟಾಗ ಒಬ್ಬನ ಬಲಗೈಯ ಎರಡು ಬೆರಳು ಮುರಿದಿದ್ದವು. ಬುಟ್ಟಿ ಹೆಣೆಯುವವನ ಬೆರಳು. ಎರಡು ತಿಂಗಳ ನಂತರ ಗುತ್ತಿಗೆದಾರನ ಕಡೆಯ ಮೇಸ್ತ್ರಿಯೇ ಮಾಲು ಮಾರಿದ್ದು ಹೊರಬಿತ್ತು. ಆತ ನಮ್ಮವನೇ, ಕೊರಳಲ್ಲಿ ಕರಡಿಗೆ ಕಟ್ಟಿದವನು. ಬಿಲ್ಲಿನಲ್ಲಿ ಮುರಿದುಕೊಂಡು ವಿಷಯ ಮುಗಿಸಿದರು. ಅವನನ್ನು ಯಾರೂ ಠಾಣೆಗೆ ಕರೆಯಲಿಲ್ಲ. ನಾನು ಬೆಳಿಗ್ಗೆ ಎಂದಿನಂತೆ ಇಷ್ಟಲಿಂಗ ಪೂಜೆ ಮಾಡಿಕೊಂಡು ಮುಂದಿನ ಕಾಮಗಾರಿಗೆ ಹೋದೆ.

ಅಂದು ನಾನು ಬರೆದ ಒಂದು ಸಾಲಿನ ಹಿಂದೆ ನೂರಿಪ್ಪತ್ತು ವರ್ಷಗಳ ಕಾನೂನು ಇತ್ತೆಂಬುದು ನಿವೃತ್ತನಾಗಿ ಓದಲು ಕುಳಿತಾಗ ತಿಳಿಯಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮೊದಲು ಉತ್ತರ ಭಾರತಕ್ಕೆ. 1911ರ ತಿದ್ದುಪಡಿಯಿಂದ ಮುಂಬಯಿ, ಮದ್ರಾಸ್ ಪ್ರಾಂತಗಳಿಗೂ ಅದು ಬಂತು. ಒಂದು ಜಾತಿಯ ಹೆಸರು ಗೆಜೆಟ್ಟಿನಲ್ಲಿ ಬಂದರೆ ಮುಗಿಯಿತು, ಅದರಲ್ಲಿ ಹುಟ್ಟಿದವರು ಅಪರಾಧಿಗಳೇ. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರನ್ನು ಕೂಡಿಹಾಕಲು ಸೆಟ್ಲಮೆಂಟುಗಳಾದವು. ಆ ಓಣಿಗಳ ಹೆಸರು ಇಂದಿಗೂ ಸೆಟ್ಲಮೆಂಟ್ ಎಂದೇ ಉಳಿದಿದೆ.

ಬ್ರಿಟಿಷರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವರ ತರ್ಕ ಎಲ್ಲಿಂದ ಬಂತು? ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ, ಹಾಗಾದರೆ ಕಳ್ಳನ ಮಗನೂ ಕಳ್ಳನೇ ಆಗಬೇಕು ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಅವರಿಗೆ ಕಲಿಸಿದ್ದು ನಮ್ಮ ಜಾತಿ ವ್ಯವಸ್ಥೆ. ಹುಟ್ಟಿನಿಂದ ವೃತ್ತಿ, ವೃತ್ತಿಯಿಂದ ಗುಣ ಎಂಬ ಇದೇ ಸೂತ್ರವನ್ನು ಮುರಿಯಲೆಂದೇ ಅಲ್ಲವೇ ಕಲ್ಯಾಣದಲ್ಲಿ ಅಷ್ಟು ರಕ್ತ ಹರಿದದ್ದು?

ಇನ್ನೊಂದು ಮಾತು ಎಂಜಿನಿಯರನಾಗಿ ಹೇಳಲೇಬೇಕು. ಕೊರವರು, ಕೊರಚರು ಎತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡುತ್ತಿದ್ದ ಜನ. ರೈಲು ಬಂತು, ಉಪ್ಪು ಸರ್ಕಾರದ ಹಿಡಿತಕ್ಕೆ ಹೋಯಿತು. ಹೇರು ನಿಂತಿತು. ನಮ್ಮ ರಾಯಬಾಗದ ಮೇಲೆ ಹೋಗುವ ಮೀರಜ–ಬೆಳಗಾವಿ ಹಳಿಯನ್ನು ನಾವು ಪ್ರಗತಿ ಎಂದು ಓದಿದ್ದೇವೆ. ಅಂಥ ಹಳಿಗಳೇ ಒಂದು ಇಡೀ ಜನಾಂಗದ ಕಾಯಕ ಕಿತ್ತುಕೊಂಡವು. ಕಾಯಕ ಹೋದ ಮೇಲೆ ಅಲೆದಾಡಿದ್ದನ್ನು ಸರ್ಕಾರ ಅಪರಾಧ ಎಂದು ಕರೆಯಿತು.

ನಮ್ಮ ತಾಲೂಕಿನವರು ಹೆಮ್ಮೆಪಡಬೇಕಾದ ಒಂದು ಸಂಗತಿಯೂ ಇದೆ, ಅದನ್ನು ನಾವೇ ಮರೆತಿದ್ದೇವೆ. ಪಕ್ಕದ ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದಾಗ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1918ರಲ್ಲಿ ಛತ್ರಪತಿ ಶಾಹೂ ಮಹಾರಾಜರು ಮಹಾರ, ಮಾಂಗ, ರಾಮೋಶಿ, ಬೇರಡರ ಮೇಲಿದ್ದ ಹಾಜರಿ ಪದ್ಧತಿ ರದ್ದು ಮಾಡಿದರು. ಎಲ್ಲರೂ ಕಳ್ಳರೆಂದು ಓಡಿಸುತ್ತಿದ್ದ ಫಾಸೆಪಾರಧಿಗಳನ್ನು ಕರೆದು ತಮ್ಮ ಪಹರೆಗೇ ಇಟ್ಟುಕೊಂಡರು. ದೆಹಲಿಗೆ ಆ ಕಾಯ್ದೆ ರದ್ದು ಮಾಡಲು 1952ರ ಆಗಸ್ಟ್ 31ರವರೆಗೆ ಬೇಕಾಯಿತು. ಅಂದಿನಿಂದ ಇವರು ವಿಮುಕ್ತರು. ಆದರೆ ಮುಂಬಾಗಿಲಿನಿಂದ ಹೋದದ್ದು ಹಿತ್ತಲ ಬಾಗಿಲಿನಿಂದ ಬಂತು. ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ಮಾಡಿದವು, ನಮ್ಮದು 1961ರದು. ಬರಹದಲ್ಲಿ ಅದು ಜಾತಿಯನ್ನು ಹೆಸರಿಸುವುದಿಲ್ಲ. ಠಾಣೆಯ ರಜಿಸ್ಟರಿನಲ್ಲಿ ಯಾರ ಹೆಸರು ಏರುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಅಮೆರಿಕದಲ್ಲಿ ವಿಮಾನ ನಿಲ್ದಾಣದಲ್ಲಿ ಮೈಬಣ್ಣ ನೋಡಿ ತಡೆದರೆಂದು ನಮ್ಮ ಮಕ್ಕಳು ಫೋನ್ ಮಾಡಿದಾಗ ನಮಗೆ ರಕ್ತ ಕುದಿಯುತ್ತದೆ, ಕುದಿಯಬೇಕಾದದ್ದೇ. ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆ 1965ರಲ್ಲಿ ಒಂದು ಒಡಂಬಡಿಕೆ ಮಾಡಿತು. ಭಾರತ 1968ರಲ್ಲಿ ಅದನ್ನು ಒಪ್ಪಿತು. ಅದರ ಮೊದಲ ಕಲಮಿನಲ್ಲಿ ಬಣ್ಣದ ಜೊತೆಗೆ ‘ವಂಶ’ ಎಂಬ ಪದವೂ ಇದೆ, ಸೇರಿಸಲು ಸೂಚಿಸಿದ್ದು ಭಾರತವೇ. 2001ರ ಡರ್ಬನ್ ಸಮ್ಮೇಳನ ಬಂದಾಗ ಮಾತ್ರ ಜಾತಿ ಬೇರೆ, ಜನಾಂಗ ಬೇರೆ ಎಂದು ನಮ್ಮ ಸರ್ಕಾರ ವಾದಿಸಿತು. 2007ರಲ್ಲಿ ಆ ಒಡಂಬಡಿಕೆಯ ಸಮಿತಿ ರೂಢಿಗತ ಅಪರಾಧಿಗಳ ಕಾಯ್ದೆ ತೆಗೆಯಿರಿ, ವಿಮುಕ್ತರಿಗೆ ಪುನರ್ವಸತಿ ಕೊಡಿ ಎಂದು ಭಾರತಕ್ಕೆ ಹೇಳಿತು. ಬಣ್ಣವೋ ಜಾತಿಯೋ ಎಂಬ ಪಂಡಿತರ ಚರ್ಚೆ ಬೆರಳು ಮುರಿದವನಿಗೆ ಯಾಕೆ ಬೇಕು? ಹುಟ್ಟಿದ್ದಕ್ಕೇ ಶಿಕ್ಷೆ ಎಂಬುದು ಎರಡರಲ್ಲೂ ಒಂದೇ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸೆರೆಮನೆಗಳ ಜಾತಿ ತಾರತಮ್ಯವನ್ನು ರದ್ದುಪಡಿಸಿದ ತೀರ್ಪಿನಲ್ಲಿ ವಿಮುಕ್ತ ಬುಡಕಟ್ಟುಗಳ ವಿಚಾರವನ್ನೂ ಎತ್ತಿತು. ಮನಬಂದಂತೆ ಅವರನ್ನು ಬಂಧಿಸಕೂಡದೆಂದು ಪೊಲೀಸರಿಗೂ ಹೇಳಿತು. ಆ ತೀರ್ಪು ನಮ್ಮೂರ ಪಂಚರ ಕಟ್ಟೆಯವರೆಗೆ ಇನ್ನೂ ನಡೆದು ಬಂದಿಲ್ಲ.

“ಅವರಲ್ಲಿ ಕಳ್ಳರೇ ಇಲ್ಲವೇನ್ರಿ?” ಎಂದು ಕೇಳುವವರಿದ್ದಾರೆ. ಇದ್ದಾರೆ. ನಮ್ಮಲ್ಲೂ ಇದ್ದಾರೆ. ಸೊಸೈಟಿಯ ಠೇವಣಿ ನುಂಗಿದವರು, ಕಬ್ಬಿನ ತೂಕದಲ್ಲಿ ಹೊಡೆದವರು, ನಾನಿದ್ದ ಇಲಾಖೆಯಲ್ಲೇ ಹಾಕದ ಪೈಪಿಗೆ ಎಂ.ಬಿ. ಬರೆದವರು. ಅವರ ಮಕ್ಕಳನ್ನು ಶಾಲೆಯಲ್ಲಿ ಕಳ್ಳನ ಮಗ ಎಂದು ಯಾರೂ ಕರೆಯುವುದಿಲ್ಲ. ಅದೇ ಗಂಟಿಚೋರರ ಹುಡುಗನಿಗೆ ಜಾತಿಯ ಹೆಸರಿನಲ್ಲಿಯೇ ಚೋರ ಎಂಬ ಪದ. ಸರ್ಕಾರವೇ ಕೊಡುವ ಪ್ರಮಾಣಪತ್ರ ಹಿಡಿದು ಕೆಲಸ ಕೇಳಲು ಹೋದರೆ ಯಾವ ಅಂಗಡಿಯವನು ಅವನ ಕೈಗೆ ಗಲ್ಲಾ ಕೊಟ್ಟಾನು?

ನಮ್ಮ ಶರಣರು ಕಳ್ಳನನ್ನೂ ಬಿಡಲಿಲ್ಲ. ಕನ್ನದ ಮಾರಿತಂದೆ ಕನ್ನ ಹಾಕುವವನಾಗಿದ್ದು ಶರಣನಾದ, ಅವನ ವಚನಗಳನ್ನು ನಾವು ಜೋಪಾನ ಮಾಡಿದ್ದೇವೆ. ಆಕಳು ಕದ್ದೊಯ್ದವರ ಹಿಂದೆ ಕರುಗಳನ್ನೂ ಕಳಿಸಿದ ಬಸವಣ್ಣನವರ ಕಥೆಯನ್ನು ಪ್ರತಿ ಶ್ರಾವಣದಲ್ಲಿ ಕೇಳುತ್ತೇವೆ. ಕದ್ದವನನ್ನು ಅವರು ಒಳಗೆ ಕರೆದುಕೊಂಡರು. ನಾವು ಕದಿಯದವರನ್ನು ಗೇಟಿನ ಹೊರಗೆ ಕೂರಿಸುತ್ತೇವೆ.

2017ರ ಆಗಸ್ಟಿನಲ್ಲಿ ಬೆಳಗಾವಿಯ ಲಿಂಗಾಯತ ಸಮಾವೇಶಕ್ಕೆ ನಾನೂ ಹೋಗಿದ್ದೆ. ನಮ್ಮದು ಸ್ವತಂತ್ರ ಧರ್ಮ, ನಮಗೆ ಅಲ್ಪಸಂಖ್ಯಾತರ ಮಾನ್ಯತೆ ಬೇಕು ಎಂದು ಕೈ ಎತ್ತಿ ಕೂಗಿದೆ. 2018ರಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡಿದಾಗ ಪೇಡೆ ಹಂಚಿದೆ. ಆ ಬೇಡಿಕೆಯನ್ನು ಇಂದಿಗೂ ಬಿಟ್ಟಿಲ್ಲ. ಆದರೆ ನಾವು ವೈದಿಕರಿಗಿಂತ ಬೇರೆ ಎಂದು ದೆಹಲಿಗೆ ತೋರಿಸುವುದು ಯಾವುದರಿಂದ? ಕಾಗದಪತ್ರಗಳಿಂದಲೇ? ನಮ್ಮ ಊರಿನ ಹಳ್ಳದ ದಂಡೆಯ ಗುಡಿಸಲಿನವರನ್ನು ಕೇಳಿದರೆ ನಮಗೂ ಅವರಿಗೂ ಏನು ಫರಕು ಕಂಡೀತು? ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

ಹೋದ ವರ್ಷ ಆ ಬೆರಳು ಮುರಿದವನನ್ನು ಹುಡುಕಿಕೊಂಡು ಹೋದೆ. ಈಗ ಮುದುಕ. ನನ್ನ ಗುರುತು ಹೇಳಿ, ಆ ಅರ್ಜಿಗೆ ಸಹಿ ಹಾಕಿದವನು ನಾನೇ ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿಮ್ಮ ಸಹಿ ಇರದಿದ್ರ ಮತ್ತೊಬ್ಬರದು ಇರತಿತ್ರಿ ಸಾಹೇಬ್ರ. ನನ್ನ ಮೊಮ್ಮಗನ್ನ ಎಲ್ಯಾರ ಬೋರ್ಡಿಂಗಿಗೆ ಹಚ್ಚಾಕ ಆಗತೈತೇನು ನೋಡ್ರಿ” ಎಂದ. ಕ್ಷಮೆ ಕೇಳಲು ಹೋದವನಿಗೆ ಕೆಲಸ ಹಚ್ಚಿದ.

ಹುಡುಗನನ್ನು ಕರೆದುಕೊಂಡು ಮೂರು ಪ್ರಸಾದನಿಲಯ ತಿರುಗಿದೆ. ಯಾರೂ ಜಾತಿ ಎತ್ತಿ ಒಲ್ಲೆ ಅನ್ನಲಿಲ್ಲ. ಮೂರೂ ಕಡೆ ತಡೆದದ್ದು ಅರ್ಜಿಯ ಒಂದೇ ಕಲಮು: ಖಾಯಂ ವಿಳಾಸ, ಜೊತೆಗೆ ಊರಿನ ಇಬ್ಬರು ಗಣ್ಯರ ಜಾಮೀನು ಸಹಿ. ಆ ಗುಡಿಸಲುಗಳಿಗೆ ಮನೆ ನಂಬರಿಲ್ಲ. ಜಾಮೀನಿಗೆ ನಾನೊಬ್ಬ ಸಹಿ ಹಾಕಿದೆ. ಎರಡನೆಯ ಸಹಿ ನಮ್ಮ ಓಣಿಯಲ್ಲಿ ಸಿಗಲಿಲ್ಲ. ವಚನ ಬಾಯಿಪಾಠ ಇದ್ದವರು, ದಿನಾ ನನ್ನ ಜೊತೆ ವಾಕಿಂಗ್ ಬರುವವರು, “ನಾಳೆ ಏನಾರ ಆದ್ರ?” ಎಂದರು.

ಆದುದರಿಂದ ನಮ್ಮ ಸೀಮೆಯ ಪೂಜ್ಯರಲ್ಲಿ ನನ್ನ ಅರಿಕೆ ಇದು. ರೂಢಿಗತ ಅಪರಾಧಿಗಳ ಕಾಯ್ದೆ ತೆಗೆಯಬೇಕೆಂದು ಮಠಗಳ ಒಕ್ಕೊರಲಿನ ಪತ್ರ ಸರ್ಕಾರಕ್ಕೆ ಹೋಗಲಿ. ಅದಕ್ಕೆ ಸಮಯ ಹಿಡಿಯುತ್ತದೆ. ಮೇ ತಿಂಗಳ ಪ್ರವೇಶಕ್ಕೆ ಸಮಯ ಬೇಕಿಲ್ಲ. ವಿಮುಕ್ತರ ಮಕ್ಕಳ ಅರ್ಜಿಯಲ್ಲಿ ಖಾಯಂ ವಿಳಾಸದ ಕಲಮಿನಲ್ಲಿ ಮಠದ ವಿಳಾಸವನ್ನೇ ಬರೆಯಲು ಅಪ್ಪಣೆ ಕೊಡಿ. ಎರಡನೆಯ ಜಾಮೀನು ಸಹಿ ತಾವೇ ಹಾಕಿ. ಇಬ್ಬರು ಮಕ್ಕಳ ವರ್ಷದ ಖರ್ಚು ನನ್ನ ಪಿಂಚಣಿಯಿಂದ ಕೊಡುತ್ತೇನೆ. ಆ ಹುಡುಗ ಈಗ ಏಳನೆಯ ಇಯತ್ತೆ ಮುಗಿಸುತ್ತಿದ್ದಾನೆ, ಗಣಿತದಲ್ಲಿ ಚುರುಕು. ಯಾವ ಮಠದವರು ಹೇಳಿದರೂ ಮರುದಿನವೇ ಕರೆದುಕೊಂಡು ಬರುತ್ತೇನೆ.